ಮಡಿಕೇರಿ ಸುತ್ತಮುತ್ತ: ಯಾವ ಜಾಗಕ್ಕೆ ಯಾವ ತಿಂಗಳು, ಯಾವ ಹೊತ್ತು

ಎರಡು ದಿನಕ್ಕೆಂದು ಮಡಿಕೇರಿಗೆ ಬರುವವರ ಕೈಯಲ್ಲಿ ಹೆಚ್ಚುಕಡಿಮೆ ಒಂದೇ ಪಟ್ಟಿ ಇರುತ್ತದೆ: ರಾಜಾಸೀಟು, ಅಬ್ಬಿ ಜಲಪಾತ, ಮಾಂದಲ್‌ಪಟ್ಟಿ, ದುಬಾರೆ, ನಿಸರ್ಗಧಾಮ, ತಲಕಾವೇರಿ, ಬೈಲುಕುಪ್ಪೆಯ ಸ್ವರ್ಣ ದೇವಾಲಯ. ಫೋನಿನ ನಕ್ಷೆಯಲ್ಲಿ ಇವೆಲ್ಲ ಒಂದರ ಪಕ್ಕ ಒಂದು ಕಾಣುತ್ತವೆ. ರಸ್ತೆಗಿಳಿದರೆ ತಲಕಾವೇರಿ ಒಂದು ಕಡೆ, ದುಬಾರೆ ತೀರಾ ಇನ್ನೊಂದು ಕಡೆ. ನಮ್ಮ ತಿರುವುಗಳಲ್ಲಿ 40 ಕಿ.ಮೀ.ಗೆ ಒಂದೂವರೆ ತಾಸು ಹಿಡಿಯುವುದು ಮಾಮೂಲು. ಪಟ್ಟಿ ಮುಗಿಸಲು ಹೊರಟವರ ಅರ್ಧ ದಿನ ಕಾರಿನೊಳಗೇ ಹೋಗುತ್ತದೆ, ಉಳಿದರ್ಧ ಪಾರ್ಕಿಂಗ್ ಹುಡುಕುವುದರಲ್ಲಿ.

ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಈ ಜಾಗಗಳ ಕಾಲ ಒಂದೇ ಅಲ್ಲ. ಜಲಪಾತ ತುಂಬಿ ಭೋರ್ಗರೆಯುವಾಗ ಬೆಟ್ಟದ ತುದಿಯಲ್ಲಿ ಮಂಜು ಬಿಟ್ಟರೆ ಬೇರೇನೂ ಕಾಣದು. ಬೆಟ್ಟದ ಮೇಲಿನ ನೋಟ ತಿಳಿಯಾಗುವ ಹೊತ್ತಿಗೆ ಜಲಪಾತ ಸೊರಗಿರುತ್ತದೆ. ಹಾಗಾಗಿ ಕೊಡಗಿಗೆ ಹೊರಡುವ ಮುಂಚೆ ಎರಡೇ ಎರಡು ತೀರ್ಮಾನ ಸಾಕು: ದಿನಕ್ಕೊಂದು ದಿಕ್ಕು, ಮತ್ತು ಆ ತಿಂಗಳಿಗೆ ಒಪ್ಪುವ ಜಾಗ. ಕೆಳಗಿನ ಅಭಿಪ್ರಾಯಗಳೆಲ್ಲ ಈ ಎರಡು ಲೆಕ್ಕದ ಮೇಲೆ ನಿಂತಿವೆ.

ಮೊದಲು ತಿಂಗಳ ಲೆಕ್ಕ. ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 3000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಅದರಲ್ಲಿ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನದು. ಜುಲೈ, ಆಗಸ್ಟ್‌ನಲ್ಲಿ ಚಾರಣದ ದಾರಿಗಳು ಮುಚ್ಚಿರುತ್ತವೆ, ಕರೆಂಟು ದಿನಗಟ್ಟಲೆ ಹೋಗುವುದುಂಟು, ಗುಡ್ಡ ಜರಿಯುವ ಭಯವೂ ಇರುತ್ತದೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು ಕಡೆ ಆದ ಭೂಕುಸಿತವನ್ನು ಇಲ್ಲಿ ಯಾರೂ ಮರೆತಿಲ್ಲ. ಜಿಲ್ಲಾಡಳಿತ ಒಂದು ರಸ್ತೆ ಅಥವಾ ಒಂದು ಜಾಗ ಮುಚ್ಚಿದೆ ಎಂದರೆ ಅದಕ್ಕೆ ಕಾರಣವಿರುತ್ತದೆ. ಬ್ಯಾರಿಕೇಡ್ ಸರಿಸಿ ಒಳಹೋಗುವ ಕೆಲಸ ಬೇಡ. ಈ ತಿಂಗಳುಗಳಲ್ಲಿ ರಾಫ್ಟಿಂಗ್ ಸರಿ, ದೂರದಿಂದ ಜಲಪಾತ ಸರಿ, ಹೋಂಸ್ಟೇ ಜಗಲಿಯಲ್ಲಿ ಕೂತು ಮಳೆ ನೋಡುವುದು ಎಲ್ಲಕ್ಕಿಂತ ಸರಿ. ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗೆ ನೀರೂ ಇರುತ್ತದೆ, ಬೆಟ್ಟವೂ ತೆರೆದುಕೊಳ್ಳುತ್ತದೆ. ಮೊದಲ ಸಲ ಬರುವವರಿಗೆ ನಮ್ಮ ಮತ ಇದಕ್ಕೇ. ಡಿಸೆಂಬರ್, ಜನವರಿ ಆಕಾಶ ತಿಳಿ, ಚಳಿ ಹಿತ, ಜನ ವಿಪರೀತ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಒಂದು ಒಳ್ಳೆಯ ಮಳೆ ಬಿದ್ದ ವಾರದೊಳಗೆ ಕಾಫಿ ತೋಟವಿಡೀ ಬೆಳ್ಳಗೆ ಹೂಬಿಡುತ್ತದೆ. ಎರಡು ಮೂರು ದಿನದ ಭಾಗ್ಯ ಅದು, ದಿನಾಂಕ ಮುಂಚಿತವಾಗಿ ಹೇಳಲಾಗದು. ಆದರೆ ಅದೇ ತಿಂಗಳುಗಳಲ್ಲಿ ಕಾಡ್ಗಿಚ್ಚಿನ ಭಯದಿಂದ ಅರಣ್ಯ ಇಲಾಖೆ ಚಾರಣ ನಿಲ್ಲಿಸುವುದರಿಂದ ಬೆಟ್ಟದ ಆಸೆ ಇಟ್ಟುಕೊಂಡು ಬರಬೇಡಿ.

ಊರೊಳಗಿನ ಜಾಗಗಳಿಗೆ ಅರ್ಧ ದಿನ ಸಾಕು. ರಾಜಾಸೀಟಿಗೆ ಎಲ್ಲರೂ ಸೂರ್ಯಾಸ್ತಕ್ಕೆ ಹೋಗುತ್ತಾರೆ. ರಜಾದಿನ ಸಂಜೆ ಐದರ ನಂತರ ಆ ರಸ್ತೆಯಲ್ಲಿ ಕಾರು ನಿಲ್ಲಿಸಲು ಜಾಗ ಸಿಗದು, ಕಟಕಟೆಯ ಹತ್ತಿರ ನಿಲ್ಲಲೂ ಜಾಗವಿರದು. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋದರೆ ಕಣಿವೆಯಲ್ಲಿ ಮಂಜು ತುಂಬಿಕೊಂಡಿರುತ್ತದೆ, ಅದು ಮೆಲ್ಲಗೆ ಮೇಲೇಳುವುದನ್ನು ಗಲಾಟೆಯಿಲ್ಲದೆ ನೋಡಬಹುದು. ಊರಿನ ಕೋಟೆ ಕೊಡಗಿನ ಅರಸ ಮುದ್ದುರಾಜನ ಕಾಲದ್ದು. 1781ರಲ್ಲಿ ಟಿಪ್ಪು ಅದನ್ನು ಕಲ್ಲಿನಲ್ಲಿ ಮರುಕಟ್ಟಿಸಿದ. ಒಳಗಿನ ಅರಮನೆ 1812–14ರಲ್ಲಿ ಲಿಂಗರಾಜೇಂದ್ರನ ಕೈಯಲ್ಲಿ ಹೊಸ ರೂಪ ಪಡೆಯಿತು. ಆವರಣದ ಹಳೆಯ ಚರ್ಚಿನಲ್ಲಿ ಈಗ ವಸ್ತು ಸಂಗ್ರಹಾಲಯವಿದೆ. ಎರಡು ಕಲ್ಲಾನೆಗಳ ಮುಂದೆ ಫೋಟೊ ತೆಗೆಸಿಕೊಂಡು ಎಲ್ಲರೂ ಹೊರಟುಬಿಡುತ್ತಾರೆ. ಸಂಗ್ರಹಾಲಯದ ಹಳೆಯ ಶಿಲ್ಪಗಳಿಗೆ ಅರ್ಧ ಗಂಟೆ ಕೊಡಿ. 1820ರ ಓಂಕಾರೇಶ್ವರ ದೇವಸ್ಥಾನ ಅಲ್ಲಿಂದ ನಡೆದು ಹೋಗುವ ದೂರ. ಗುಮ್ಮಟ, ಮಿನಾರುಗಳಿರುವ ಶಿವಾಲಯ, ಮುಂದೆ ಕೆರೆ, ಕೆರೆಯ ನಡುವೆ ಮಂಟಪ.

ಊರೊಳಗೆ ನಮಗೆ ಹೆಚ್ಚು ಬೆಲೆಯುಳ್ಳದ್ದೆನಿಸುವುದು ಗದ್ದುಗೆ. ದೊಡ್ಡವೀರರಾಜೇಂದ್ರ ಮತ್ತು ಲಿಂಗರಾಜೇಂದ್ರರ ಸಮಾಧಿಗಳು ಇಲ್ಲಿವೆ. ಲಿಂಗಾಯತ ಅರಸರ ಸಮಾಧಿಯ ಮೇಲೆ ಇಸ್ಲಾಮೀ ಶೈಲಿಯ ಗುಮ್ಮಟ, ಮೂಲೆಗಳಲ್ಲಿ ಮಿನಾರು. ಪಕ್ಕದಲ್ಲೇ ಟಿಪ್ಪುವಿನ ವಿರುದ್ಧ ಹೋರಾಡಿದ ದಂಡನಾಯಕ ಬಿದ್ದಂಡ ಬೋಪು ಮತ್ತು ಅವನ ಮಗ ಸೋಮಯ್ಯನ ಸಮಾಧಿಗಳಿವೆ. ಅಷ್ಟು ದೊಡ್ಡ ಇತಿಹಾಸಕ್ಕೆ ಬರುವವರು ಬೆರಳೆಣಿಕೆ ಜನ. ಇನ್ನೊಂದು, ಜನರಲ್ ತಿಮ್ಮಯ್ಯನವರು ಬೆಳೆದ ‘ಸನ್ನಿಸೈಡ್’ ಮನೆ. ಅದು 2021ರ ಫೆಬ್ರವರಿಯಿಂದ ವಸ್ತು ಸಂಗ್ರಹಾಲಯವಾಗಿದೆ. ಸೈನ್ಯದ ಬಗ್ಗೆ ಸ್ವಲ್ಪ ಕುತೂಹಲವಿರುವ ಮಕ್ಕಳಿದ್ದರೆ ಇದನ್ನು ಬಿಡಬೇಡಿ; ಮಳೆ ಬಿಡದೆ ಹೊಯ್ಯುವ ಮಧ್ಯಾಹ್ನಕ್ಕಂತೂ ಹೇಳಿಮಾಡಿಸಿದ ಜಾಗ.

ಅಬ್ಬಿ ಜಲಪಾತ ಊರಿನಿಂದ 8 ಕಿ.ಮೀ. ಆಸುಪಾಸು. ಕಾಫಿ, ಮೆಣಸಿನ ತೋಟದ ನಡುವೆ ಮೆಟ್ಟಿಲಿಳಿದು ಹೋಗಬೇಕು. ಇಳಿಯುವಾಗ ಏನೂ ಅನಿಸದು, ಹತ್ತುವಾಗ ಮಂಡಿನೋವಿನ ಹಿರಿಯರಿಗೆ ಕಷ್ಟ. ನೀರಿಗಿಳಿಯಲು ಬಿಡುವುದಿಲ್ಲ, ಬಂಡೆಗಳ ಮೇಲೆ ಪಾಚಿ, ಕೆಳಗೆ ಸುಳಿ, ಜನ ಸತ್ತಿದ್ದಾರೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ತುಂತುರು ಮುಖಕ್ಕೆ ಬಡಿಯುವಷ್ಟು ನೀರಿರುತ್ತದೆ. ಮಾರ್ಚ್ ನಂತರ ಬಂಡೆಯ ಮೇಲೆ ನೀರಿನ ಗೆರೆ ಮಾತ್ರ. ಆ ಹೊತ್ತಿನಲ್ಲಿ ಟಿಕೆಟ್, ಪಾರ್ಕಿಂಗ್, ಟ್ರಾಫಿಕ್ ಅಷ್ಟನ್ನೂ ಸಹಿಸಿ ಇದನ್ನು ನೋಡುವ ಅಗತ್ಯವಿಲ್ಲ.

ಮಾಂದಲ್‌ಪಟ್ಟಿಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ದೂರುಗಳು ಹೆಚ್ಚು ಬರುವುದು ಇಲ್ಲಿಂದಲೇ. ಪುಷ್ಪಗಿರಿ ವನ್ಯಧಾಮಕ್ಕೆ ಸೇರಿದ ಹುಲ್ಲುಗಾವಲಿನ ಬೆಟ್ಟಸಾಲು ಇದು, ಮಡಿಕೇರಿಯಿಂದ 25 ಕಿ.ಮೀ. ಮೀರಿದ ದೂರ. ಕೊನೆಯ ಕೆಲವು ಕಿಲೋಮೀಟರ್ ಕಲ್ಲು, ಕೊರಕಲು, ಕಡಿದಾದ ಏರು. ಅದಕ್ಕೇ ಜೀಪು. ಫೋರ್‌ವೀಲ್ ಡ್ರೈವ್ ಇಲ್ಲದ ಕಾರು ಅಲ್ಲಿಗೆ ತಂದರೆ ಎಂಜಿನ್ ಕೆಳಗಿನ ಆಯಿಲ್ ಚೇಂಬರ್ ಕಲ್ಲಿಗೆ ತಾಗಿ ಒಡೆಯುತ್ತದೆ, ಇಳಿಯುವಾಗ ಬ್ರೇಕ್ ಕಾದು ಹಿಡಿತ ಬಿಡುತ್ತದೆ. ಟೋ ಮಾಡಿಸುವ ಖರ್ಚು ಜೀಪಿನ ಬಾಡಿಗೆಯ ಹಲವು ಪಟ್ಟು.

ಜೀಪಿನ ಬಾಡಿಗೆ ತಲೆಗಲ್ಲ, ಗಾಡಿಗೆ. ಇಬ್ಬರೇ ಬಂದಿದ್ದರೆ ಇನ್ನೊಂದು ಕುಟುಂಬದ ಜೊತೆ ಹಂಚಿಕೊಳ್ಳಲು ಚಾಲಕರನ್ನೇ ಕೇಳಿ, ಹೆಚ್ಚಿನವರು ಜೋಡಿಸಿಕೊಡುತ್ತಾರೆ. ಹತ್ತುವ ಮುಂಚೆ ಮೂರು ಮಾತು ಬಾಯಿಬಿಟ್ಟು ಆಗಲೇಬೇಕು. “ಅಣ್ಣಾ, ಈ ರೇಟು ಹೋಗಿ ಬರೋದಕ್ಕೆ ಸೇರಿಯಾ? ಮೇಲೆ ಎಷ್ಟು ಹೊತ್ತು ನಿಲ್ಲಿಸ್ತೀರಿ? ಫಾರೆಸ್ಟ್ ಗೇಟಿನ ಟಿಕೆಟ್ ನಾವು ಬೇರೆ ಕೊಡಬೇಕಾ?” ಇಷ್ಟು ಕೇಳಿದರೆ ಇಳಿದ ಮೇಲೆ ಜಗಳವಿಲ್ಲ. ಮಡಿಕೇರಿಯಿಂದಲೇ ಜೀಪು ಹಿಡಿದರೆ ದರ ಜಾಸ್ತಿ. ರಸ್ತೆ ಕೆಡುವ ಜಾಗದವರೆಗೆ ಸ್ವಂತ ಕಾರಿನಲ್ಲಿ ಹೋಗಿ ಅಲ್ಲಿಂದ ಹಿಡಿದರೆ ಕಡಿಮೆ. ಜೀಪಿನ ಹಿಂಬದಿಯಲ್ಲಿ ಎದುರುಬದುರು ಬೆಂಚು, ಹಿಡಿಯಲು ಮೇಲೊಂದು ಕಂಬಿ. ಬೆನ್ನುನೋವಿರುವವರು, ಗರ್ಭಿಣಿಯರು ಹತ್ತಬಾರದು. ಪುಟ್ಟ ಮಕ್ಕಳನ್ನು ಮುಂದಿನ ಸೀಟಿನಲ್ಲಿ ದೊಡ್ಡವರ ಜೊತೆ ಕೂರಿಸಿ.

ಹೊತ್ತಿನ ವಿಷಯದಲ್ಲಿ ಜನ ಎಡವುತ್ತಾರೆ. ಸೂರ್ಯೋದಯಕ್ಕೆಂದು ನಸುಕಿನಲ್ಲಿ ಎದ್ದು ಹೋಗಿ ಬರೀ ಬಿಳಿ ಮಂಜು ನೋಡಿ ಬಂದವರು ಬಹಳ. ಅಕ್ಟೋಬರ್‌ನಿಂದ ಜನವರಿಯವರೆಗೆ ಹಿಂದಿನ ರಾತ್ರಿ ಆಕಾಶ ನಕ್ಷತ್ರ ಕಾಣುವಷ್ಟು ತಿಳಿಯಾಗಿದ್ದರೆ ಬೆಳಗಿನ ಜೀಪು ಹಿಡಿಯಿರಿ; ಕಣಿವೆಯಲ್ಲಿ ಮೋಡ ಕೆಳಗೆ, ನೀವು ಮೇಲೆ. ಮೋಡ ಮುಸುಕಿದ್ದರೆ ಬೆಳಗಿನ ತಿಂಡಿ ಮುಗಿಸಿ ಒಂಬತ್ತರ ನಂತರ ಹೋಗಿ. ಗಾಳಿ ಎದ್ದು ಮಂಜು ಸರಿಯುವುದು ಆ ಹೊತ್ತಿಗೆ. ಮಳೆಗಾಲದಲ್ಲಿ ದುಡ್ಡು ಕೊಟ್ಟು ಹೋಗುವ ಜಾಗ ಇದಲ್ಲ. ಮೇಲೆ ನೆರಳಿಲ್ಲ, ಗಾಳಿಗೆ ಛತ್ರಿ ನಿಲ್ಲದು, ಹಾಗಾಗಿ ಜರ್ಕಿನ್ ಇರಲಿ.

ನಡೆದು ಬೆಟ್ಟ ಹತ್ತುವ ಶಕ್ತಿ, ಮನಸ್ಸು ಎರಡೂ ಇರುವವರಿಗೆ ಮಾಂದಲ್‌ಪಟ್ಟಿಗಿಂತ ತಡಿಯಂಡಮೋಳ್ ಎಷ್ಟೋ ಮೇಲು. 1748 ಮೀಟರ್, ಕೊಡಗಿನ ಅತಿ ಎತ್ತರದ ಶಿಖರ. ಮಡಿಕೇರಿಯಿಂದ ನಾಪೋಕ್ಲು ಮೇಲೆ ಅಥವಾ ವಿರಾಜಪೇಟೆ ಕಡೆಯಿಂದ ಕಕ್ಕಬ್ಬೆಗೆ ಬರಬೇಕು. ಬುಡದಲ್ಲಿ ನಾಲ್ಕುನಾಡು ಅರಮನೆ ಇದೆ. ದೊಡ್ಡವೀರರಾಜೇಂದ್ರ 1792ರ ಸುಮಾರಿಗೆ ಕಟ್ಟಿಸಿದ್ದು, ಕೊನೆಯ ಅರಸ ಚಿಕ್ಕವೀರರಾಜೇಂದ್ರ 1834ರಲ್ಲಿ ಬ್ರಿಟಿಷರಿಂದ ತಪ್ಪಿಸಿಕೊಂಡು ಬಂದು ತಂಗಿದ್ದೂ ಇಲ್ಲೇ. ಮರದ ಕಂಬ, ಗೋಡೆಯ ಮೇಲಿನ ಚಿತ್ರ, ಇಕ್ಕಟ್ಟಾದ ಕತ್ತಲೆ ಕೋಣೆಗಳನ್ನು ಚಾರಣ ಮುಗಿಸಿ ಬಂದ ಮೇಲೆ ನೋಡಿ. ಬೆಳಗಿನ ತಂಪನ್ನು ಬೆಟ್ಟಕ್ಕೆ ಉಳಿಸಿಕೊಳ್ಳಬೇಕು.

ಅನುಮತಿಯಿಲ್ಲದೆ ಹತ್ತುವಂತಿಲ್ಲ. ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮುಂಗಡ ಬುಕ್ ಮಾಡಬೇಕು. ದಿನಕ್ಕೆ ಇಷ್ಟೇ ಜನ ಎಂಬ ಮಿತಿಯಿರುವುದರಿಂದ ಶನಿವಾರ, ಭಾನುವಾರದ ಟಿಕೆಟ್ ಬೇಗ ಮುಗಿಯುತ್ತದೆ. ಬುಕ್ ಮಾಡಿದ ಗುರುತಿನ ಚೀಟಿಯನ್ನೇ ತನ್ನಿ. ಟಿಕೆಟ್ಟನ್ನು ಮಡಿಕೇರಿಯಲ್ಲೇ ಫೋನಿಗೆ ಇಳಿಸಿಕೊಳ್ಳಿ, ಕಕ್ಕಬ್ಬೆ ದಾಟಿದರೆ ನೆಟ್‌ವರ್ಕ್ ನಂಬುವಂತಿಲ್ಲ.

ಅರಮನೆಯಿಂದ ತುದಿಗೆ 6–7 ಕಿ.ಮೀ. ಮೊದಲ ಭಾಗ ತೋಟ, ಹೋಂಸ್ಟೇಗಳ ನಡುವಿನ ಜೀಪು ರಸ್ತೆ. ಇದು ಬೇಸರದ ಏರು. ಅರಣ್ಯದ ಗೇಟು ದಾಟಿದ ಮೇಲೆ ನಿಜವಾದ ದಾರಿ ಶುರು: ಒಮ್ಮೆ ಬಯಲು ಹುಲ್ಲುಗಾವಲು, ಒಮ್ಮೆ ಶೋಲಾ ಕಾಡು (ಬೆಟ್ಟದ ಕಣಿವೆಗಳ ದಟ್ಟ ಗಿಡ್ಡ ಮರಗಳ ಕಾಡು). ಕೊನೆಯ ಏರು ಮರದ ಬೇರು, ಸಡಿಲ ಮಣ್ಣಿನ ಮೇಲೆ ಕೈಯೂರಿ ಹತ್ತುವಂಥದ್ದು. ಹತ್ತಲು ಮೂರರಿಂದ ನಾಲ್ಕು ತಾಸು, ಇಳಿಯಲು ಎರಡೂವರೆ. ಬೆಳಿಗ್ಗೆ ಏಳರೊಳಗೆ ಹೊರಟರೆ ಮಧ್ಯಾಹ್ನದ ಮೋಡ ಕವಿಯುವ ಮುಂಚೆ ತುದಿ ಮುಟ್ಟಬಹುದು. ಹತ್ತು ಗಂಟೆಗೆ ಹೊರಟವರಿಗೆ ಮೇಲೆ ಸಿಗುವುದು ಮಂಜು, ಇಳಿಯುವಾಗ ಕತ್ತಲು. ತಲೆಗೆ 2ರಿಂದ 3 ಲೀಟರ್ ನೀರು ಹೊತ್ತೊಯ್ಯಿರಿ. ದಾರಿಯ ಹಳ್ಳ ಜನವರಿ ಹೊತ್ತಿಗೆ ಬತ್ತುವುದರಿಂದ ಅದನ್ನು ನೆಚ್ಚಿಕೊಳ್ಳಬಾರದು. ಬಾಳೆಹಣ್ಣು, ಚಿಕ್ಕಿ, ಮನೆಯಿಂದ ಕಟ್ಟಿಸಿಕೊಂಡ ಅಕ್ಕಿ ಒಟ್ಟಿ (ಅಕ್ಕಿ ರೊಟ್ಟಿ) ಚಟ್ನಿ ಸಾಕು. ಅಡಿ ಸವೆದ ಸ್ಪೋರ್ಟ್ಸ್ ಶೂ ಹಾಕಿಕೊಂಡು ಬಂದವರು ಹತ್ತುವಾಗ ಪಾರಾಗುತ್ತಾರೆ, ಇಳಿಯುವಾಗ ಬೀಳುತ್ತಾರೆ. ಕಾಲು ಉಳುಕಿದರೆ ಅಲ್ಲಿಂದ ಹೊತ್ತು ತರಲು ಮನುಷ್ಯರೇ ಬೇಕು, ಬೇರೆ ದಾರಿಯಿಲ್ಲ. ತುದಿಯಲ್ಲಿ ಟೆಂಟ್ ಹಾಕುವುದು ನಿಷಿದ್ಧ. ಹಾಕಿಸಿಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಅವರ ಮಾತು ನಂಬಬೇಡಿ. ಇಳಿದ ಮೇಲೆ ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನಕ್ಕೆ ಹೋಗುವುದಿದ್ದರೆ ಬಟ್ಟೆ ಬದಲಿಸಿಕೊಂಡು ಹೋಗಿ. ಮಳೆ, ಬೆಳೆಯ ದೇವರೆಂದು ಕೊಡವರು ನಡೆದುಕೊಳ್ಳುವ ಸನ್ನಿಧಿ ಅದು.

ಉಳಿದ ಬೆಟ್ಟಗಳ ಬಗ್ಗೆ ಚಿಕ್ಕದಾಗಿ. ಮಾದಾಪುರ ಕಡೆಯ ಕೋಟೆಬೆಟ್ಟ 1620 ಮೀಟರ್, ಜನ ಕಡಿಮೆ, ತುದಿಯಲ್ಲಿ ಶಿವನ ಗುಡಿ. ಪುಷ್ಪಗಿರಿ 1712 ಮೀಟರ್, ಸೋಮವಾರಪೇಟೆ ಕಡೆಯ ಹೆಗ್ಗಡೆಮನೆಯಿಂದ ಹತ್ತಿದರೆ ಸುಬ್ರಹ್ಮಣ್ಯದ ಕಡೆಗಿಂತ ದೂರ ಕಡಿಮೆ. ಆದರೂ ಇಡೀ ದಿನದ ಕೆಲಸ, ಬಂಡೆಯ ಏರು ಒದ್ದೆಯಾಗಿದ್ದರೆ ಅಪಾಯ. ದಕ್ಷಿಣದ ಬ್ರಹ್ಮಗಿರಿ 1608 ಮೀಟರ್, ಇರ್ಪು ಜಲಪಾತದ ಕಡೆಯಿಂದ ದಾರಿ. ಆನೆ ಓಡಾಡುವ ಕಾಡಾದ್ದರಿಂದ ಅರಣ್ಯ ಇಲಾಖೆಯ ಗೈಡ್ ಜೊತೆಗೇ ಹೋಗಬೇಕು. ಹೊಸಬರಿಗೆ ಇದನ್ನು ನಾವು ಹೇಳುವುದಿಲ್ಲ.

ಜೂನ್‌ನಿಂದ ನವೆಂಬರ್‌ವರೆಗೆ ಎಲ್ಲಿ ನಡೆದರೂ ಜಿಗಣೆ. ಹೆದರುವಂಥದ್ದೇನಲ್ಲ, ಆದರೆ ತಯಾರಿ ಬೇಕು. ಪ್ಯಾಂಟಿನ ಅಂಚನ್ನು ಕಾಲುಚೀಲದೊಳಗೆ ಸೇರಿಸಿ, ಕಾಲುಚೀಲದ ಮೇಲೆ ನಶ್ಯಪುಡಿಯನ್ನೋ ಬೇವಿನೆಣ್ಣೆಯನ್ನೋ ಹಚ್ಚಿ. ಮಳೆಗೆ ತೊಳೆದುಹೋಗುತ್ತದೆ, ಹಾಗಾಗಿ ತಾಸಿಗೊಮ್ಮೆ ಮತ್ತೆ ಹಚ್ಚಬೇಕು. ನಿಂತಲ್ಲೇ ನಿಂತು ಫೋಟೊ ತೆಗೆಯುವವರಿಗೆ ಜಿಗಣೆ ಹೆಚ್ಚು ಹತ್ತುತ್ತದೆ. ಕಚ್ಚಿದ್ದನ್ನು ಹಿಡಿದು ಎಳೆಯಬೇಡಿ. ಚರ್ಮದ ಮಟ್ಟಕ್ಕೆ ಉಗುರು ಹಿಡಿದು ಪಕ್ಕಕ್ಕೆ ಜಾರಿಸಿದರೆ ಬಿಡುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಅದರ ಜೊಲ್ಲಿನಲ್ಲಿರುವುದರಿಂದ ಗಾಯ ಚಿಕ್ಕದಾದರೂ ಬಹಳ ಹೊತ್ತು ರಕ್ತ ಜಿನುಗುತ್ತದೆ. ತೊಳೆದು, ಬಟ್ಟೆ ಒತ್ತಿ ಹಿಡಿದರೆ ಸಾಕು.

ಭಾಗಮಂಡಲ–ತಲಕಾವೇರಿಗೆ ಒಂದು ದಿನ ಪೂರ್ತಿ ಮೀಸಲಿಡಿ. ಮಡಿಕೇರಿಯಿಂದ ಭಾಗಮಂಡಲ 40 ಕಿ.ಮೀ. ಹತ್ತಿರ, ಅಲ್ಲಿಂದ ಮೇಲೆ ತಲಕಾವೇರಿ ಇನ್ನು 8. ಕಾವೇರಿ, ಕನ್ನಿಕೆ, ಸುಜ್ಯೋತಿಯರ ಸಂಗಮದಲ್ಲಿ ಮಿಂದು, ಭಗಂಡೇಶ್ವರನಿಗೆ ಕೈಮುಗಿದು ಮೇಲೆ ಹೋಗುವುದು ಇಲ್ಲಿಯ ಪದ್ಧತಿ. ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣದ ತೀರ್ಥೋದ್ಭವಕ್ಕೆ ಸಾವಿರಾರು ಜನ ಸೇರುತ್ತಾರೆ. ಭಕ್ತಿಯಿಂದ ಬರುವವರಿಗೆ ಆ ದಿನಕ್ಕೆ ಸಮನಾದದ್ದಿಲ್ಲ, ಜಾಗ ನೋಡಲು ಬರುವವರು ಅದರ ಆಚೀಚೆಯ ವಾರ ಬಿಟ್ಟು ಬನ್ನಿ. ತಲಕಾವೇರಿ ಪಿಕ್‌ನಿಕ್ ತಾಣವಲ್ಲ, ಕೊಡಗಿನವರಿಗೆ ಕಾವೇರಿ ತಾಯಿ. ತುಂಡು ಬಟ್ಟೆ, ಜೋರು ಹಾಡು, ಕೊಳದ ಮೆಟ್ಟಿಲ ಮೇಲೆ ರೀಲ್ಸ್ ಇವು ಜನರನ್ನು ನೋಯಿಸುತ್ತವೆ. ದೇವಸ್ಥಾನದ ಪಕ್ಕದ ಬ್ರಹ್ಮಗಿರಿ ಬೆಟ್ಟದಲ್ಲಿ (ಇರ್ಪು ಕಡೆಯ ಬ್ರಹ್ಮಗಿರಿ ಬೇರೆ) 2020ರ ಆಗಸ್ಟ್‌ನಲ್ಲಿ ಭೂಕುಸಿತವಾಗಿ ಅರ್ಚಕರ ಕುಟುಂಬವೇ ಮಣ್ಣುಪಾಲಾಯಿತು. ಆ ಬೆಟ್ಟದ ಮೆಟ್ಟಿಲು ಹತ್ತಲು ಬಿಡುತ್ತಾರೋ ಇಲ್ಲವೋ ಎಂದು ಅಲ್ಲೇ ಕೇಳಿ, ಬೇಡವೆಂದರೆ ಒತ್ತಾಯಿಸಬೇಡಿ. ಜೋರು ಮಳೆಗೆ ಭಾಗಮಂಡಲದಲ್ಲಿ ಸಂಗಮ ಉಕ್ಕಿ ನಾಪೋಕ್ಲು ಕಡೆಯ ರಸ್ತೆಗೆ ನೀರು ಬರುವುದೂ ಉಂಟು.

ಪೂರ್ವ ದಿಕ್ಕಿನ ದಿನವೆಂದರೆ ಕುಶಾಲನಗರ. ಇಲ್ಲಿ ಬೆಳಿಗ್ಗೆಯ ಹೊತ್ತನ್ನು ದುಬಾರೆಗೆ ಕೊಡಿ. ಕಾವೇರಿಯ ಆಚೆ ದಡದಲ್ಲಿರುವ ಆನೆ ಶಿಬಿರಕ್ಕೆ ದೋಣಿಯಲ್ಲಿ ದಾಟಬೇಕು. ಮೈಸೂರು ದಸರೆಗೆ ಹೋಗುವ ಆನೆಗಳಲ್ಲಿ ಕೆಲವು ಇಲ್ಲಿಯವೇ. ಸ್ನಾನ, ಮುದ್ದೆ ತಿನ್ನಿಸುವುದು ಎಲ್ಲ ಬೆಳಗಿನ ಕೆಲಸ. ಮಧ್ಯಾಹ್ನದ ಹೊತ್ತಿಗೆ ಆನೆಗಳನ್ನು ಕಾಡಿಗೆ ಬಿಡುತ್ತಾರೆ. ಎಂಟೂವರೆಗೆ ದೋಣಿ ಕಟ್ಟೆಯಲ್ಲಿದ್ದರೆ ಸಾಲು ಚಿಕ್ಕದು. ಹತ್ತೂವರೆಗೆ ಬಂದವರು ಸಾಲಿನಲ್ಲಿ ನಿಂತು ದಾಟುವಷ್ಟರಲ್ಲಿ ಸ್ನಾನ ಮುಗಿದಿರುತ್ತದೆ, ಆಮೇಲೆ ಜಾಗದ ಮೇಲೆ ತಪ್ಪು ಹೊರಿಸುತ್ತಾರೆ. ಬೇಸಿಗೆಯಲ್ಲಿ ನೀರಿಳಿದಾಗ ಬಂಡೆ ಹಿಡಿದು ನಡೆದು ದಾಟುವವರಿದ್ದಾರೆ. ಜಾರುವ ಬಂಡೆ, ನಡುನಡುವೆ ಆಳ, ದೋಣಿಯೇ ಇರಲಿ. ಮಾವುತರು ಹೇಳಿದ ಕಡೆ ಮಾತ್ರ ನಿಲ್ಲಿ, ಆನೆಯ ಹಿಂಬದಿಗೆ ಹೋಗಬೇಡಿ.

ದುಬಾರೆಯ ರಾಫ್ಟಿಂಗ್ ಸುಮಾರು 7 ಕಿ.ಮೀ. ಮೊದಲ ಸಲದವರಿಗೆ, ಈಜು ಬಾರದವರಿಗೆ ಒಳ್ಳೆಯದು. ಆದರೆ ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಅದಕ್ಕೆ ರಾಫ್ಟಿಂಗ್ ಎನ್ನಬಹುದು. ಬೇಸಿಗೆಯಲ್ಲಿ ಅದೇ ಹೆಸರಿನಲ್ಲಿ ಮಾರುವುದು ನಿಂತ ನೀರಿನಲ್ಲಿ ಹುಟ್ಟು ಹಾಕುವುದನ್ನು, ಅದಕ್ಕೆ ಪೂರ್ತಿ ದರ ಕೊಡಬೇಡಿ. ನಿಜವಾದ ರಭಸ ಬೇಕಿದ್ದರೆ ದಕ್ಷಿಣ ಕೊಡಗಿನ ಬರಪೊಳೆ. ಕಾವೇರಿಯಂತೆ ಪೂರ್ವಕ್ಕಲ್ಲ, ಪಶ್ಚಿಮಕ್ಕೆ ಕೇರಳದತ್ತ ಧುಮುಕುವ ಹೊಳೆ ಇದು. ಮಳೆಗಾಲದಲ್ಲಿ ನಾಲ್ಕನೇ ದರ್ಜೆಯವರೆಗಿನ ಸೆಳವು. ಮಾರ್ನಿಂಗ್ ಕಾಫಿ, ವಿಕೆಡ್ ವಿಚ್, ಬಿಗ್ ಬ್ಯಾಂಗ್ ಎಂದೆಲ್ಲ ಸೆಳವುಗಳಿಗೆ ಹೆಸರಿಟ್ಟಿದ್ದಾರೆ. ಇಂಥ ಕಡೆ ಅಗ್ಗದ ದರ ಹುಡುಕಬಾರದು.

ಎಲ್ಲೇ ಹೋಗಿ, ದೋಣಿ ಹತ್ತುವ ಮುಂಚೆ ನೀವೇ ನೋಡಿಕೊಳ್ಳಿ. ಲೈಫ್ ಜಾಕೆಟ್‌ನ ಎಲ್ಲ ಬಕಲ್ ಹಾಕಿ, ಇನ್ನೊಬ್ಬರಿಂದ ಹೆಗಲ ಪಟ್ಟಿ ಹಿಡಿದು ಮೇಲೆ ಎಳೆಸಿ. ಅದು ಕಿವಿಯವರೆಗೆ ಬಂದರೆ ಸಡಿಲವಾಗಿದೆ ಎಂದು ಅರ್ಥ, ಬಿಗಿ ಮಾಡಿಸಿ ಅಥವಾ ಬದಲಿಸಿ. ಹೆಲ್ಮೆಟ್ ಪಟ್ಟಿ ಗದ್ದಕ್ಕೆ ಬಿಗಿಯಾಗಿರಲಿ. ಗೈಡ್ ಹತ್ತಿರ ಎಸೆಯುವ ಹಗ್ಗದ ಚೀಲ ಇದೆಯೇ ಕೇಳಿ. ಹುಟ್ಟಿನ ಮೇಲ್ತುದಿಯ ಹಿಡಿಯನ್ನು ಯಾವಾಗಲೂ ಅಂಗೈಯಿಂದ ಮುಚ್ಚಿ ಹಿಡಿಯಬೇಕು, ಸೆಳವಿನಲ್ಲಿ ಕೈತಪ್ಪಿದರೆ ಪಕ್ಕದವರ ಹಲ್ಲು ಮುರಿಯುವುದು ಅದೇ. ನೀರಿಗೆ ಬಿದ್ದರೆ ಎದ್ದು ನಿಲ್ಲಲು ಹೋಗಲೇಬೇಡಿ. ಬಂಡೆ ಸಂದಿಯಲ್ಲಿ ಪಾದ ಸಿಕ್ಕಿಕೊಂಡರೆ ಸೊಂಟದ ಮಟ್ಟದ ನೀರೂ ಮುಳುಗಿಸುತ್ತದೆ. ಅಂಗಾತ ಮಲಗಿ, ಕಾಲು ಹೊಳೆ ಹರಿಯುವ ಕಡೆಗೆ ಚಾಚಿ, ಹೆಬ್ಬೆರಳು ನೀರಿನ ಮೇಲೆ ಕಾಣುವಂತೆ ತೇಲಿ. ಈ ಮಾತುಗಳನ್ನು ದಡದಲ್ಲಿ ಹೇಳಿಕೊಡದೆ ದೋಣಿ ಇಳಿಸುವವರ ಜೊತೆ ಹೋಗಬೇಡಿ.

ನಿಸರ್ಗಧಾಮ ಕಾವೇರಿಯ ನಡುಗಡ್ಡೆ, ತೂಗುಸೇತುವೆ, ಬಿದಿರಿನ ಮೆಳೆ, ಜಿಂಕೆ. ಪುಟ್ಟ ಮಕ್ಕಳಿದ್ದರೆ ಒಂದು ತಾಸು ಖುಷಿ, ಇಲ್ಲದಿದ್ದರೆ ಬಿಟ್ಟರೂ ನಷ್ಟವಿಲ್ಲ. ಹೊಳೆ ಉಕ್ಕಿದಾಗ ಮುಚ್ಚುತ್ತಾರೆ. ಸ್ವರ್ಣ ದೇವಾಲಯ ಟಿಬೆಟನ್ ಬೌದ್ಧರದು, ಕೊಡಗಿನ ಗಡಿ ದಾಟಿ ಮೈಸೂರು ಜಿಲ್ಲೆಯ ಬೈಲುಕುಪ್ಪೆಯಲ್ಲಿದೆ. ಅಲ್ಲಿನ ಬಿಕ್ಕುಗಳ ಪ್ರಾರ್ಥನೆಯ ಹೊತ್ತಿಗೆ ಸದ್ದಿಲ್ಲದೆ ಒಂದು ಮೂಲೆಯಲ್ಲಿ ಕೂರಬಹುದು. ಸಂಜೆಗೆ ಚಿಕ್ಲಿಹೊಳೆ ಜಲಾಶಯ. ಅರ್ಧಚಂದ್ರಾಕಾರದ ಕಟ್ಟೆಯ ಮೇಲಿಂದ ನೀರು ಉಕ್ಕಿ ಬೀಳುವುದು ಮಳೆಗಾಲದಿಂದ ಅಕ್ಟೋಬರ್‌ವರೆಗೆ. ಅಲ್ಲಿ ಅಂಗಡಿಯಿಲ್ಲ, ಆನೆ ಬರುವ ಜಾಗವಾದ್ದರಿಂದ ಕತ್ತಲಾಗುವ ಮುಂಚೆ ಹೊರಡಿ.

ನಾಗರಹೊಳೆ ಸಫಾರಿಗೆ ಮಡಿಕೇರಿಯಲ್ಲಿ ಉಳಿದು ಹೋಗುವುದು ಜಾಣತನವಲ್ಲ. ಕೊಡಗಿನ ಕಡೆಯ ನಾಣಚ್ಚಿ ಗೇಟು ಕುಟ್ಟದ ಹತ್ತಿರ, ಮಡಿಕೇರಿಯಿಂದ 80 ಕಿ.ಮೀ. ಆಸುಪಾಸು. ಬೆಳಗಿನ ಸಫಾರಿ ಸಿಗಬೇಕಾದರೆ ಕುಟ್ಟ, ಶ್ರೀಮಂಗಲ, ಪೊನ್ನಂಪೇಟೆ ಕಡೆ ಉಳಿಯಿರಿ. ಕಾಡಿನ ಹಸಿರು ತೆಳುವಾಗಿ ಪ್ರಾಣಿಗಳು ಕೆರೆಗೆ ಬರುವ ಮಾರ್ಚ್, ಏಪ್ರಿಲ್ ಒಳ್ಳೆಯ ಕಾಲ. ಹುಲಿ ದಾಳಿಯಂಥ ಕಾರಣಕ್ಕೆ ಸಫಾರಿ ನಿಲ್ಲಿಸುವುದೂ ಇದೆ, ಹೊರಡುವ ಮುಂಚೆ ವಿಚಾರಿಸಿ. ಅದೇ ದಿನ ಇರ್ಪುವನ್ನು ಸೇರಿಸಿಕೊಳ್ಳಬಹುದು. ಲಕ್ಷ್ಮಣತೀರ್ಥ ಹೊಳೆಯ ಜಲಪಾತ, ಕೆಳಗೆ ರಾಮೇಶ್ವರ ದೇವಸ್ಥಾನ, ಕಾಡಿನ ನೆರಳಲ್ಲಿ ಸ್ವಲ್ಪ ಮೆಟ್ಟಿಲು. ಕೊಡಗಿನ ಜಲಪಾತಗಳಲ್ಲಿ ನಮಗೆ ಇದೇ ಹೆಚ್ಚು ಇಷ್ಟ.

ನೀರಿನ ಗಾತ್ರ ನೋಡುವುದಾದರೆ ಮಲ್ಲಳ್ಳಿಯದೇ ಮೇಲುಗೈ. ಸೋಮವಾರಪೇಟೆಯಿಂದ 25 ಕಿ.ಮೀ. ಹತ್ತಿರ, ಕುಮಾರಧಾರೆ ಹಂತಹಂತವಾಗಿ ಧುಮುಕುವ ಜಾಗ. ನೂರಾರು ಮೆಟ್ಟಿಲು ಇಳಿಯಬೇಕು, ಬಿಸಿಲೇರಿದ ಮೇಲೆ ವಾಪಸು ಹತ್ತುವುದು ದಣಿವಿನ ಕೆಲಸ. ಬೆಳಿಗ್ಗೆಯೇ ಹೋಗಿ. ಇಲ್ಲೂ ಚೆಯ್ಯಂಡಾಣೆ ಕಡೆಯ ಚೇಲಾವರದಲ್ಲೂ ನೀರಿಗೆ ಇಳಿಯಬೇಡಿ. ಚೇಲಾವರದ ಗುಂಡಿ ಮೇಲಿಂದ ನೋಡಲು ಶಾಂತ, ಒಳಗೆ ಆಳ, ತಣ್ಣನೆಯ ನೀರು. ಚೆನ್ನಾಗಿ ಈಜು ಬಲ್ಲ ಹುಡುಗರೇ ಅಲ್ಲಿ ಪ್ರಾಣ ಕಳೆದುಕೊಂಡಿದ್ದಾರೆ.

ಉಳಿಯಲು ಹೋಂಸ್ಟೇ ಬುಕ್ ಮಾಡುವಾಗ ಫೋಟೊ ನೋಡಿದರೆ ಸಾಲದು, ಫೋನ್ ಮಾಡಿ ಕೇಳಿ. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿದೆಯೇ? ಕೊನೆಯ ಕಿಲೋಮೀಟರ್ ನಮ್ಮ ಕಾರಿಗೆ ಆಗುತ್ತದೆಯೇ, ಇಲ್ಲ ನಿಮ್ಮ ಜೀಪು ಬರಬೇಕೇ? ಕರೆಂಟು ಹೋದರೆ ಬಿಸಿನೀರು ಹೇಗೆ? ಮಳೆಗೆ ರಸ್ತೆ ಮುಚ್ಚಿದರೆ ಮುಂಗಡ ವಾಪಸು ಕೊಡುತ್ತೀರಾ? ಸೌದೆ ಒಲೆಯ ಹಂಡೆ ಇರುವ ಮನೆ ಮಳೆಗಾಲದಲ್ಲಿ ಗೀಸರ್ ಇರುವ ಮನೆಗಿಂತ ವಾಸಿ.

ಊಟವನ್ನೂ ಅವರಿಗೇ ಮುಂಚೆ ಹೇಳಿಡಿ. ಮನೆಯವರು ಮಾಡಿದ ಕಡಂಬುಟ್ಟು (ಅಕ್ಕಿ ತರಿಯ ಉಂಡೆ)–ಪಂದಿ ಕರಿಗೂ (ಹಂದಿ ಮಾಂಸದ ಸಾರು) ಹೆದ್ದಾರಿ ಹೋಟೆಲಿನದಕ್ಕೂ ಹೋಲಿಕೆಯೇ ಇಲ್ಲ. ಸರಿಯಾದ ಪಂದಿ ಕರಿ ಕಪ್ಪಗಿರುತ್ತದೆ. ಹುರಿದು ಪುಡಿ ಮಾಡಿದ ಮಸಾಲೆ, ಕೊನೆಯಲ್ಲಿ ಹಾಕುವ ಕಾಚಂಪುಳಿ ಎಂಬ ಕಪ್ಪು ಹುಳಿರಸ ಆ ಬಣ್ಣ ಕೊಡುತ್ತವೆ. ಕೆಂಪಗೆ ಎಣ್ಣೆ ತೇಲುತ್ತಿದ್ದರೆ ಅದು ಬೇರೆ ಊರಿನ ಸಾರು. ಮಾಂಸ ತಿನ್ನದವರಿಗೆ ನೂಲ್‌ಪುಟ್ಟು (ಅಕ್ಕಿ ಶ್ಯಾವಿಗೆ), ಪಾಪುಟ್ಟು (ಹಾಲು ಹಾಕಿ ಹಬೆಯಲ್ಲಿ ಬೇಯಿಸಿದ ಅಕ್ಕಿ ತರಿ), ಅಕ್ಕಿ ಒಟ್ಟಿ, ಮಳೆಗಾಲವಾದರೆ ಬಿದಿರ ಕಣಿಲೆಯ ಬೈಂಬಳೆ ಕರಿ, ಅಣಬೆಯ ಕುಮ್ಮು ಕರಿ. ಆಗಸ್ಟ್ 3ರ ಆಸುಪಾಸಿನಲ್ಲಿ ಇದ್ದರೆ ಮದ್ದುಸೊಪ್ಪಿನ ಪಾಯಸ ಕೇಳಿ ತಿನ್ನಿ.

ಕೊಂಡೊಯ್ಯುವ ಸಾಮಾನಿನಲ್ಲಿ ಕಾಫಿಪುಡಿ ಮೊದಲು. ಪೊಟ್ಟಣದ ಮೇಲೆ ಚಿಕೋರಿ ಎಷ್ಟು ಶೇಕಡ ಎಂದು ಬರೆದಿರಲೇಬೇಕು. ಅದು 49 ದಾಟುವಂತಿಲ್ಲ, ಆದರೆ 49ರವರೆಗೆ ಹಾಕಿ ‘ಕೊಡಗಿನ ಕಾಫಿ’ ಎಂದು ಮಾರುವವರಿದ್ದಾರೆ. ಫಿಲ್ಟರ್‌ಗೆ ಕಾಫಿ 80, ಚಿಕೋರಿ 20 ಚೆನ್ನ. ನಿಮ್ಮೆದುರು ಬೀಜ ಹುರಿದು ಪುಡಿ ಮಾಡಿಕೊಡುವ ಅಂಗಡಿಯಲ್ಲಿ ತಿಂಗಳಿಗೆ ಬೇಕಾದಷ್ಟೇ ಕೊಳ್ಳಿ, ಹೆಚ್ಚು ದಿನ ಇಟ್ಟರೆ ಪರಿಮಳ ಹೋಗುತ್ತದೆ. ಕರಿಮೆಣಸನ್ನು ಒಂದು ಲೋಟ ನೀರಿಗೆ ಹಾಕಿ ನೋಡಿ. ಗಟ್ಟಿ ಕಾಳು ಮುಳುಗುತ್ತದೆ, ಜೊಳ್ಳು ತೇಲುತ್ತದೆ. ಜೇನು ಚಳಿಗೆ ಹರಳುಗಟ್ಟಿದರೆ ಸಕ್ಕರೆ ಬೆರೆಸಿದ್ದಾರೆಂದು ತಿಳಿಯಬೇಡಿ, ಒಳ್ಳೆಯ ಜೇನೂ ಗಟ್ಟಿಯಾಗುತ್ತದೆ. ರಸ್ತೆಬದಿಯಲ್ಲಿ ಕೊಡಗಿನ ಕಿತ್ತಳೆ ಎಂದು ಮಾರುವುದರಲ್ಲಿ ಹೊರಗಿನದೇ ಜಾಸ್ತಿ. ನಮ್ಮ ಕಿತ್ತಳೆ ಸಿಪ್ಪೆ ಬಿಗಿ, ಬಣ್ಣ ಹಸಿರು ಬೆರೆತ ಹಳದಿ, ಹುಳಿ ಸ್ವಲ್ಪ ಮುಂದು. ಹೋಂಮೇಡ್ ಚಾಕೊಲೇಟ್ ಕೊಡಗಿನ ಪದಾರ್ಥವೇನಲ್ಲ, ಮಕ್ಕಳು ಹಟ ಮಾಡಿದರೆ ಮಾತ್ರ ಕೊಳ್ಳಿ.

ಕೊಡಗಿಗೆ ರೈಲಿಲ್ಲ. ಮೈಸೂರಿಗೆ ಬಂದು ಅಲ್ಲಿಂದ ಬಸ್ಸು ಹಿಡಿಯಬಹುದು, ಸುಮಾರು 120 ಕಿ.ಮೀ. ಕಾರಿನಲ್ಲಿ ಬರುವವರು ಕುಶಾಲನಗರ, ಮಡಿಕೇರಿ, ವಿರಾಜಪೇಟೆ ಅಥವಾ ಗೋಣಿಕೊಪ್ಪದಲ್ಲೇ ಪೆಟ್ರೋಲ್ ತುಂಬಿಸಿಕೊಳ್ಳಿ, ಒಳಗಿನ ಹಳ್ಳಿಗಳಲ್ಲಿ ಬಂಕ್ ಅಪರೂಪ. ಫೋನು ತೋರಿಸುವ ಅಡ್ಡದಾರಿ ಎಷ್ಟೋ ಸಲ ಯಾರದೋ ತೋಟದ ಗೇಟಿನಲ್ಲಿ ಮುಗಿಯುತ್ತದೆ. ಸಂಶಯ ಬಂದರೆ ಅಂಗಡಿಯವರನ್ನು ಕೇಳಿ. ಸಿದ್ದಾಪುರ, ಅಮ್ಮತ್ತಿ, ಮಾಲ್ದಾರೆ, ತಿತಿಮತಿ ಕಡೆ ಕಾಫಿ ತೋಟದೊಳಗೇ ಕಾಡಾನೆಗಳಿವೆ, ಕತ್ತಲಾದ ಮೇಲೆ ಅವು ರಸ್ತೆ ದಾಟುತ್ತವೆ. ಸಂಜೆ ಆರರೊಳಗೆ ಉಳಿಯುವ ಮನೆ ಸೇರಿಕೊಳ್ಳಿ. ಎದುರಿಗೆ ಆನೆ ಕಂಡರೆ ಹಾರ್ನ್ ಹೊಡೆಯದೆ, ಹೆಡ್‌ಲೈಟ್ ಮಿನುಗಿಸದೆ, ನಿಧಾನವಾಗಿ ಕಾರು ಹಿಂದಕ್ಕೆ ತೆಗೆದು ಅದು ದಾಟುವವರೆಗೆ ಕಾಯಿರಿ. ಒಂದು ದಾಟಿದ ಕೂಡಲೇ ಮುಂದೆ ನುಗ್ಗಬೇಡಿ, ಹಿಂದೆ ಮರಿ ಇರಬಹುದು.